ಹದಿನಾಲ್ಕನೆಯ ಪುಟದ ಮ್ಯೂಸಿಯಂ

ನಮ್ಮ ಅಡುಗೆಮನೆಯ ತೆಂಗಿನೆಣ್ಣೆ ಬಾಟಲಿಯ ಅಡಿಯಲ್ಲಿ ಕೆನಡಾ ದೇಶದ ಒಂದು ಪುಟ್ಟ ನಗರವಿದೆ. ನಗಬೇಡಿ, ನಿಜವಾಗಿಯೂ ಇದೆ. ಮೊನ್ನೆ ಜಿರಳೆಗೆ ಔಷಧಿ ಹೊಡೆಯುವವರು ಬರುತ್ತಾರೆಂದು ಕಪಾಟು ಖಾಲಿ ಮಾಡುತ್ತಿದ್ದೆ. ಮೇಲಿನ ಹಲಗೆಯಲ್ಲಿ ಬಾಟಲಿಗಳ ಕೆಳಗೆ ಹಾಸಿದ್ದ ದಪ್ಪ ಕಾಗದವನ್ನು ಎಳೆದರೆ ಅದು ಆ ಊರಿನ ಪ್ರವಾಸಿ ಕೈಪಿಡಿ. ರಟ್ಟಿನ ಮೇಲೆ ನದಿ, ನದಿಯ ಮೇಲೆ ಸೇತುವೆ, ಸೇತುವೆಯ ಮೇಲೆ ಎಣ್ಣೆಯ ದೊಡ್ಡದೊಂದು ಉಂಗುರ.

"ಅದನ್ನು ಬಿಸಾಡ್ಬೇಡಿ ಮಾರಾಯ್ರೆ" ಎಂದಳು ನನ್ನ ಹೆಂಡತಿ ಶಶಿಕಲಾ. "ಒಳ್ಳೆ ಕಾಗದ. ಎಷ್ಟು ಎಣ್ಣೆ ಬಿದ್ರೂ ಕುಡೀತದೆ."

ಬಿಸಾಡುವ ಯೋಚನೆ ನನಗೂ ಇರಲಿಲ್ಲ. ಆ ಕೈಪಿಡಿ ಒಂದು ಕಾಲದಲ್ಲಿ ನನಗೆ ಬಾಯಿಪಾಠವಾಗಿತ್ತು. ಈಗಲೂ ಕೇಳಿ ನೋಡಿ. ನದಿ ದಂಡೆಯ ಕಾಲುದಾರಿ ಆರನೆಯ ಪುಟ. ಉದ್ಯಾನದಲ್ಲಿ ನಿಲ್ಲಿಸಿದ ಹಳೆಯ ಉಗಿಬಂಡಿ ಒಂಬತ್ತನೆಯ ಪುಟ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆ, ಅದರ ಮೇಲೆ ಜಾರುವ ಆಟ, ಹನ್ನೊಂದು. ಊರಿನ ಮ್ಯೂಸಿಯಂ ಹದಿನಾಲ್ಕು. ಇಷ್ಟೆಲ್ಲ ಗೊತ್ತಿರುವ ನಾನು ಕೆನಡಾಕ್ಕೆ ಒಮ್ಮೆಯೂ ಹೋದವನಲ್ಲ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಿಮ್ಮ ಭಾವನೋ ಷಡ್ಡಕನೋ ಅಲ್ಲೇ ಇರುತ್ತಾನೆ, ಆಮೇಲೆ ಈ ಕಥೆ ನನ್ನ ಕೈಯಲ್ಲಿ ಉಳಿಯುವುದಿಲ್ಲ.

ಪ್ರೇಕ್ಷಣೀಯ ಸ್ಥಳಗಳ ವಿಷಯದಲ್ಲಿ ನನ್ನ ಯೋಗ್ಯತೆಯೇನು ಎಂದು ನೀವು ಕೇಳಬಹುದು. ನಾನು ಅಬುಧಾಬಿಯಲ್ಲಿ ಕಟ್ಟಡ ಕಂಪೆನಿಯೊಂದರ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ಹೆದರಬೇಡಿ. ನಕ್ಷೆಗಳಿಗೆ ನಂಬರು ಹಾಕುವುದು, ಮುದ್ರೆ ಒತ್ತುವುದು, ಹಳೆಯದನ್ನು ತೆಗೆದು ಹೊಸದನ್ನು ಇಡುವುದು, ಇಷ್ಟೇ ಕೆಲಸ. ಆದರೆ ಶುಕ್ರವಾರ ಬಂದರೆ ನಾನು ಗೈಡ್. ಉಡುಪಿ, ಕಾಪು, ಕಾರ್ಕಳದ ಕಡೆಯಿಂದ ವಿಸಿಟ್ ವೀಸಾದಲ್ಲಿ ಯಾರೇ ಬರಲಿ, ಒಂದು ಶುಕ್ರವಾರ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರದೆ ವಾಪಸ್ ಹೋದದ್ದು ಕಡಿಮೆ. ನಮ್ಮ ದಾರಿ ನಿಗದಿಯಾದದ್ದು. ಬೆಳಿಗ್ಗೆ ಬಿಳಿಯ ದೊಡ್ಡ ಮಸೀದಿ, ಆಮೇಲೆ ಕಾರ್ನಿಶ್‌ನ ಸಮುದ್ರ, ಹೆರಿಟೇಜ್ ವಿಲೇಜಿನ ಗುಡಿಸಲು ಮತ್ತು ಒಂಟೆ, ಕೊನೆಗೆ ಹೈಪರ್ ಮಾರ್ಕೆಟ್. ಎಲ್ಲಕ್ಕಿಂತ ಹೆಚ್ಚು ಫೋಟೋ ತೆಗೆಯುವುದು ಈ ಕೊನೆಯ ಜಾಗದಲ್ಲಿಯೇ. ಶಶಿಕಲಾಳ ಚಿಕ್ಕಮ್ಮನೊಬ್ಬರು ಮಸೀದಿಯ ಅಷ್ಟು ದೊಡ್ಡ ದೀಪಗುಚ್ಛವನ್ನು ನೋಡಿ "ಆಯ್ತು, ಚಂದ ಉಂಟು" ಎಂದು ಮುಗಿಸಿದವರು, ತರಕಾರಿ ವಿಭಾಗದಲ್ಲಿ "ಅಯ್ಯೋ ದೇವರೇ, ಬಸಳೆ!" ಎಂದು ಕೂಗಿ ಒಂದು ಕಟ್ಟನ್ನು ಎದೆಗಪ್ಪಿಕೊಂಡು ನಿಂತುಬಿಟ್ಟರು. ಆ ಫೋಟೋವನ್ನು ಅವರು ಈಗಲೂ ಮನೆಯ ಚಾವಡಿಯಲ್ಲಿ ಇಟ್ಟಿದ್ದಾರೆ.

ಇನ್ನೊಬ್ಬರು ಕಾರ್ಕಳದ ನಿವೃತ್ತ ಹೆಡ್‌ಮಾಸ್ತರರು. ಹೆರಿಟೇಜ್ ವಿಲೇಜಿನಲ್ಲಿ ಹಳೆಯ ಬಾವಿಯನ್ನೂ ಈಚಲ ಗರಿಯ ಗುಡಿಸಲನ್ನೂ ಹತ್ತು ನಿಮಿಷ ನೋಡಿ, ಕನ್ನಡಕ ತೆಗೆದು ಒರೆಸಿ, "ಸದಾನಂದ, ಇದನ್ನು ನೋಡ್ಲಿಕ್ಕೆ ನಾನು ವಿಮಾನ ಹತ್ತಿ ಬರ್ಬೇಕಿತ್ತಾ?" ಎಂದು ಕೇಳಿದರು. ಅವರಿಗೆ ಉತ್ತರ ಕೊಡುವ ಧೈರ್ಯ ನನಗೆ ಇರಲಿಲ್ಲ, ಅವರು ನನಗೆ ಏಳನೆಯ ತರಗತಿಯಲ್ಲಿ ಗಣಿತ ಕಲಿಸಿದವರು. ಅಲ್ಲಿ ಮಡಕೆ ಮಾಡುವವನಿಗಂತೂ ನನ್ನ ಮುಖ ಎಷ್ಟು ಪರಿಚಯವೆಂದರೆ ನನ್ನನ್ನು ಕಂಡ ಕೂಡಲೇ "ಆಜ್ ಕಹಾಂ ಸೇ ಲಾಯೇ, ಭಾಯಿ?" ಎಂದು, ಇವತ್ತು ಎಲ್ಲಿಂದ ಕರೆತಂದೆ ಎಂದು ಕೇಳುತ್ತಿದ್ದ. ನನ್ನ ಮಗಳು ಪ್ರಣತಿ ಕಾರು ಆ ಕಡೆ ತಿರುಗಿದರೆ ಸಾಕು, ಹಿಂದಿನಿಂದ "ಅಪ್ಪಾ, ನಾಟ್ ಅಗೇನ್!" ಎಂದು ರಾಗ ತೆಗೆಯುತ್ತಾಳೆ.

ಆದರೆ ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಇಷ್ಟೂ ಸಲ ನಾನು ಹೋದದ್ದು ಯಾರನ್ನಾದರೂ ಕರೆದುಕೊಂಡು. ಒಬ್ಬನೇ, ನನಗೋಸ್ಕರ, ಒಂದು ಜಾಗ ನೋಡಿಬರೋಣ ಎಂದು ಹೊರಟ ದಿನವಿಲ್ಲ. ನಾನೊಬ್ಬನೇ ಅಲ್ಲ, ನಮ್ಮವರೆಲ್ಲ ಹೀಗೆಯೇ. ಗಲ್ಫಿನಲ್ಲಿ ನಾವು ಊರು ನೋಡುವುದಿಲ್ಲ, ತೋರಿಸುತ್ತೇವೆ. ನೆಂಟರು ಬಾರದ ವರ್ಷ ಮಸೀದಿಯೂ ಇಲ್ಲ, ಸಮುದ್ರವೂ ಇಲ್ಲ. ಶುಕ್ರವಾರ ಊಟ ಮಾಡಿ ಮಲಗುವುದು, ಅಷ್ಟೇ.

ಈ ಗೈಡ್ ಕೆಲಸದಲ್ಲಿ ನನಗಿಂತ ಒಂದು ಕೈ ಮೇಲಿದ್ದವನು ಇಸ್ಮಾಯಿಲ್. ಉಳ್ಳಾಲದವನು, ಮುಸಫ್ಫಾದ ಒಂದು ಹಾರ್ಡ್‌ವೇರ್ ಗೋದಾಮಿನಲ್ಲಿ ಸ್ಟೋರ್ ಕೀಪರ್. ಖಲೀಫಾ ಸಿಟಿಯಲ್ಲಿ ಒಂದೇ ವಿಲ್ಲಾವನ್ನು ಹಲಗೆಗೋಡೆ ಹಾಕಿ ಆರು ಸಂಸಾರಗಳಿಗೆ ಹಂಚಿದ್ದರಲ್ಲ, ಅದರಲ್ಲಿ ನಮ್ಮ ಪಕ್ಕದ ಭಾಗ ಅವನದ್ದು. ಎರಡೂ ಅಡುಗೆಮನೆಗಳ ನಡುವೆ ಒಂದೇ ಗೋಡೆ. ಅವನ ಹೆಂಡತಿ ರಮ್ಲತ್ ಬಂಗುಡೆ ಹುರಿದರೆ ನಮ್ಮ ಮನೆಯಲ್ಲಿ ಅನ್ನ ಹೆಚ್ಚು ಖರ್ಚಾಗುತ್ತಿತ್ತು. ಆಕೆ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರ್, ನನ್ನನ್ನು ಅಣ್ಣ ಎಂದು ಕರೆಯುವವಳು. ಅವರ ಮಗಳು ಶಿಫಾಗೆ ಆಗ ಎಂಟು ವರ್ಷ.

ಇಸ್ಮಾಯಿಲನ ವಿಶೇಷವೆಂದರೆ ಗೊಣಗಾಟ. ಎಲ್ಲಿಗೆ ಕರೆದುಕೊಂಡು ಹೋಗಿ, ಅವನಿಗೆ ಏನಾದರೊಂದು ಸರಿಯಿರುವುದಿಲ್ಲ. ಮಸೀದಿಯ ಅಮೃತಶಿಲೆ ಕಾಲಿಗೆ ತಣ್ಣಗೆ, ಸಮುದ್ರದ ಗಾಳಿ ಉಪ್ಪು, ಒಂಟೆಯ ಮುಖದಲ್ಲಿ ಅಹಂಕಾರ. ಗೊಣಗುತ್ತಲೇ ನೆಂಟರಿಗೆ ಎಲ್ಲವನ್ನೂ ಎಷ್ಟು ಚೆನ್ನಾಗಿ ತೋರಿಸುತ್ತಿದ್ದನೆಂದರೆ, ನನ್ನ ನೆಂಟರು ಕೂಡ ನನ್ನನ್ನು ಬಿಟ್ಟು ಅವನ ಹಿಂದೆ ನಡೆಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ನಮ್ಮ ಓಣಿಗೆ ಕೆನಡಾ ಜ್ವರ ಬಂತು. ಆ ವರ್ಷಗಳಲ್ಲಿ ಗಲ್ಫಿನ ಯಾವ ಮನೆಗೆ ಹೋದರೂ ಟೇಬಲಿನ ಮೇಲೆ ಕೆನಡಾದ ಅರ್ಜಿ ಇರುತ್ತಿತ್ತು. ನಾನೂ ಇಸ್ಮಾಯಿಲನೂ ಒಟ್ಟಿಗೆ ಅರ್ಜಿ ತುಂಬಿದೆವು. ಇಂಗ್ಲಿಷ್ ಪರೀಕ್ಷೆಯಲ್ಲಿ ನನಗೆ ಬಂದ ಅಂಕ ನೋಡಿ ಪ್ರಣತಿ ಕೋಣೆಯ ಬಾಗಿಲು ಹಾಕಿಕೊಂಡು ನಕ್ಕಳು. ವಯಸ್ಸೂ ನನ್ನ ಪರವಾಗಿ ಇರಲಿಲ್ಲ. ನನ್ನದು ಅಲ್ಲಿಗೇ ಖಲಾಸ್. ಇಸ್ಮಾಯಿಲನದು ಮಾತ್ರ ರಮ್ಲತ್‌ಳ ಓದಿನ ಬಲದಿಂದ ಗಟ್ಟಿಯಾಯಿತು.

ಹೋಗುವ ಊರು ಯಾವುದೆಂದು ತೀರ್ಮಾನವಾದ ಮೇಲೆ ನಾನೇ ಇಂಟರ್‌ನೆಟ್ಟಿನಲ್ಲಿ ಹುಡುಕಿ ಅಲ್ಲಿಯ ಪ್ರವಾಸಿ ಕಚೇರಿಗೆ ಬರೆದೆ. ನಮಗೆ ಮನೆಬಾಗಿಲಿಗೆ ಅಂಚೆ ಬರುವುದಿಲ್ಲ, ಎಲ್ಲ ಬರುವುದು ಕಂಪೆನಿಯ ಪೋಸ್ಟ್ ಬಾಕ್ಸಿಗೆ. ಒಂದು ದಿನ ಟೆಂಡರ್ ಕಾಗದಗಳ ನಡುವೆ ಆ ಕೈಪಿಡಿಯ ಎರಡು ಪ್ರತಿ ಬಂದವು. ಒಂದು ಅವನಿಗೆ, ಒಂದು ನನಗೆ. ಹೋಗುವವನು ಅವನು, ಆದರೆ ಹೆಚ್ಚು ಓದಿದವನು ನಾನು. ಸಂಜೆ ವಿಲ್ಲಾದ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾನು ಅವನಿಗೆ ಪಾಠ ಮಾಡುತ್ತಿದ್ದೆ.

ಅಕ್ಟೋಬರಿನಲ್ಲಿ ಇಸ್ಮಾಯಿಲ್ ಒಬ್ಬನೇ ಹೊರಟ. ಯೋಜನೆ ಸರಳವಾಗಿತ್ತು. ಅವನು ಮೊದಲು ಹೋಗಿ ಕೆಲಸ ಹಿಡಿದು ಊರು ನೋಡುವುದು. ಊರು ಒಗ್ಗುತ್ತದೆ ಎಂದಾದರೆ ರಮ್ಲತ್ ಜನವರಿ ಕೊನೆಯೊಳಗೆ ಶಾಲೆಗೆ ರಾಜೀನಾಮೆ ಕೊಡುವುದು, ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ಮಗಳೊಂದಿಗೆ ಹೋಗುವುದು. ಒಗ್ಗುವುದಿಲ್ಲ ಎಂದಾದರೆ ಅವನೇ ವಾಪಸ್ ಬರುವುದು. ಒಮ್ಮೆ ಬಿಟ್ಟರೆ ಅಂಥ ಕೆಲಸ ರಮ್ಲತ್‌ಗೆ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಎಲ್ಲವೂ ಇಸ್ಮಾಯಿಲನ ಬಾಯಿಂದ ಬರುವ ವರದಿಯ ಮೇಲೆ ನಿಂತಿತ್ತು.

ವೀಡಿಯೊ ಕಾಲ್ ಮಾಡೋಣವೆಂದರೆ ಇಲ್ಲಿಯ ಸರ್ಕಾರ ಅದಕ್ಕೆ ತಡೆ ಹಾಕಿದೆ, ತೆರೆದುಕೊಳ್ಳುವುದಿಲ್ಲ. ಹಾಗಾಗಿ ವಾಯ್ಸ್ ಮೆಸೇಜ್. ಅವನಿಗೆ ಅಲ್ಲಿಯೂ ಗೋದಾಮಿನಲ್ಲೇ ಕೆಲಸ ಸಿಕ್ಕಿತು, ವಾರದ ರಜೆ ಗುರುವಾರ. ಗುರುವಾರ ಒಂದು ಜಾಗ ನೋಡಿ ಮೆಸೇಜ್ ಕಳಿಸಿದರೆ ನಮಗೆ ಶುಕ್ರವಾರ ಬೆಳಿಗ್ಗೆ ಸಿಗುತ್ತಿತ್ತು. ಯಾವ ವಾರ ಯಾವ ಜಾಗ ಎಂದು ಪಟ್ಟಿ ಮಾಡಿಕೊಟ್ಟವನು ನಾನೇ. ಡಾಕ್ಯುಮೆಂಟ್ ಕಂಟ್ರೋಲರ್ ಅಲ್ಲವೇ, ಪಟ್ಟಿಗೆ ನಂಬರನ್ನೂ ಹಾಕಿದ್ದೆ.

ಶುಕ್ರವಾರ ಮಧ್ಯಾಹ್ನ ರಮ್ಲತ್ ಮೀನಿನ ಸಾರು ತರುತ್ತಿದ್ದಳು, ಶಶಿಕಲಾ ನೀರುದೋಸೆ ಹೊಯ್ಯುತ್ತಿದ್ದಳು. ಊಟವಾದ ಮೇಲೆ ನಮ್ಮ ಕಾರ್ಪೆಟ್ಟಿನ ಮೇಲೆ ಐದು ಜನ ವೃತ್ತವಾಗಿ ಕೂರುವುದು. ನಡುವೆ ಒಂದು ಸ್ಟೀಲ್ ಪಾತ್ರೆ, ಪಾತ್ರೆಯೊಳಗೆ ನನ್ನ ಫೋನು. ಹಾಗೆ ಇಟ್ಟರೆ ಸ್ವರ ದೊಡ್ಡದಾಗಿ ಕೇಳುತ್ತದೆ, ನೀವೂ ಮಾಡಿ ನೋಡಿ.

"ನದಿ ದಂಡೆ ನೋಡಿ ಬಂದೆ. ತುಂಬ ಪ್ರಶಾಂತ ಉಂಟು" ಎಂದಿತು ಮೊದಲ ವಾರ ಪಾತ್ರೆ. ಎರಡನೆಯ ವಾರ ಉಗಿಬಂಡಿ. "ಮಕ್ಕಳಿಗೆ ಒಳ್ಳೆ ಖುಷಿ ಆಗ್ತದೆ." ನಾನು ನಡುವೆ ಮೆಸೇಜ್ ನಿಲ್ಲಿಸಿ ಉಗಿಬಂಡಿಯ ಚಕ್ರಗಳ ಬಗ್ಗೆ ಹೆಚ್ಚಿನ ವಿವರ ಕೊಡುತ್ತಿದ್ದೆ. ಶಶಿಕಲಾ ಫೋನನ್ನು ನನ್ನ ಕೈಯಿಂದ ತೆಗೆದು ಮತ್ತೆ ಹಾಕುತ್ತಿದ್ದಳು. ಡಿಸೆಂಬರಿನಲ್ಲಿ ಮಂಜಿನ ಕೆರೆಯ ಮೇಲೆ ಜಾರಿದ ವರದಿ ಬಂತು. ಶಿಫಾ ಫೋನಿನ ಹತ್ತಿರ ಬಾಯಿ ತಂದು "ಅಬ್ಬಾ, ಡಿಡ್ ಯೂ ಫಾಲ್?" ಎಂದು ಅಪ್ಪನಿಗೆ ಮೆಸೇಜ್ ಕಳಿಸಿದಳು. ಮರುದಿನ ಉತ್ತರ ಬಂತು: "ಇಲ್ಲ ಮಗಾ, ಒಮ್ಮೆಯೂ ಬೀಳ್ಲಿಲ್ಲ." ನಮ್ಮ ಬಾತ್‌ರೂಮಿನ ಒದ್ದೆ ನೆಲದಲ್ಲಿ ವರ್ಷಕ್ಕೆ ಎರಡು ಸಲ ಬೀಳುವ ಮನುಷ್ಯ ಮಂಜುಗಡ್ಡೆಯ ಮೇಲೆ ಬೀಳಲಿಲ್ಲವೇ ಎಂದು ನಾವೆಲ್ಲ ಬೆರಗಾದೆವು. ರಮ್ಲತ್ ಮಾತ್ರ ಪಾತ್ರೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಜನವರಿಯ ಮೊದಲ ಶುಕ್ರವಾರ ಮ್ಯೂಸಿಯಂ ಸರದಿ. "ಇವತ್ತು ಮ್ಯೂಸಿಯಂ ನೋಡಿದೆ. ಮೂರು ಅಂತಸ್ತು. ಕೆಳಗೆ ಮರ ಕಡಿಯುವವರ ಜೀವನ, ಮಧ್ಯದಲ್ಲಿ ಹಳೆಯ ಕಾಲದ ಶಾಲಾಕೊಠಡಿ, ಮೇಲೆ ಕಾಡುಪ್ರಾಣಿಗಳು. ಎಲ್ಲ ವಯಸ್ಸಿನವರಿಗೂ ಮರೆಯಲಾಗದ ಅನುಭವ."

ಮರೆಯಲಾಗದ ಅನುಭವ! ಒಂಟೆಯ ಮುಖದಲ್ಲಿ ಅಹಂಕಾರ ಕಂಡ ಇಸ್ಮಾಯಿಲನ ಬಾಯಲ್ಲಿ ಇಂಥ ಮಾತೇ? ಎಲ್ಲರೂ ಹೋದ ಮೇಲೆ ನಾನು ನನ್ನ ಪ್ರತಿ ತೆಗೆದು ಹದಿನಾಲ್ಕನೆಯ ಪುಟ ನೋಡಿದೆ. ಮರ ಕಡಿಯುವವರು, ಶಾಲಾಕೊಠಡಿ, ಕಾಡುಪ್ರಾಣಿಗಳು. ಅದೇ ಕ್ರಮ, ಅದೇ ಮಾತು, ಕನ್ನಡದಲ್ಲಿ. ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಚಳಿಗಾಲದಲ್ಲಿ ಮ್ಯೂಸಿಯಂ ತೆರೆದಿರುವುದು ಶನಿವಾರ ಮತ್ತು ಭಾನುವಾರ ಮಾತ್ರ, ಉಳಿದ ದಿನ ಬರುವವರು ಮೊದಲೇ ಫೋನ್ ಮಾಡಬೇಕು. ನಮ್ಮವನು ಹೋದದ್ದು ಗುರುವಾರ.

ಮೊದಲು ನನಗೆ ನಗು ಬಂತು. ನಾನು ಇಲ್ಲಿ ಕೂತು ಓದಿದ ಪುಸ್ತಕವನ್ನು ಅವನು ಅಲ್ಲಿ ಕೂತು ನನಗೇ ಓದಿ ಹೇಳುತ್ತಿದ್ದಾನೆ! ಹಿಂದಿನ ವಾರಗಳ ಮೆಸೇಜುಗಳನ್ನು ಒಂದೊಂದಾಗಿ ಹಾಕಿ ಪುಟಗಳ ಜೊತೆ ತಾಳೆ ನೋಡಿದೆ. ನದಿ, ಉಗಿಬಂಡಿ, ಕೆರೆ, ಎಲ್ಲ ಪುಸ್ತಕದ್ದೇ. ಕೊನೆಯ ಮೆಸೇಜಿಗೆ ಬರುವಷ್ಟರಲ್ಲಿ ನನ್ನ ನಗು ನಿಂತಿತ್ತು.

ಯಾಕೆಂದರೆ ಈ ವಿದ್ಯೆ ನನಗೆ ಹೊಸದಲ್ಲ. ಇಪ್ಪತ್ನಾಲ್ಕು ವರ್ಷದವನಾಗಿ ನಾನು ಈ ದೇಶಕ್ಕೆ ಬಂದಾಗ ಇಳಿದದ್ದು ದುಬೈನ ಅಲ್ ಕೂಜ್‌ನ ಲೇಬರ್ ಕ್ಯಾಂಪಿನಲ್ಲಿ. ಕಂಪೆನಿಯ ಬಸ್ಸು ಬೆಳಿಗ್ಗೆ ಕರೆದೊಯ್ದು ಸಂಜೆ ತಂದು ಬಿಡುತ್ತಿತ್ತು. ಶುಕ್ರವಾರ ಬಟ್ಟೆ ಒಗೆದು ತಂತಿಯ ಮೇಲೆ ಹರವಿ ಮಲಗುವುದು. ನಮ್ಮ ಕೋಣೆಯ ಗೋಡೆಯಲ್ಲಿ ಟಯರ್ ಅಂಗಡಿಯೊಂದರ ಕ್ಯಾಲೆಂಡರ್ ಇತ್ತು, ತಿಂಗಳಿಗೊಂದು ದುಬೈ ಚಿತ್ರ. ಕಟಪಾಡಿಯಲ್ಲಿದ್ದ ಅಮ್ಮನಿಗೆ ನಾನು ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ, ಆ ತಿಂಗಳ ಚಿತ್ರವನ್ನು ನೋಡಿದೆನೆಂದು. ಜನವರಿಯಲ್ಲಿ ಕಡಲಕೊಲ್ಲಿಯ ದೋಣಿ, ಫೆಬ್ರವರಿಯಲ್ಲಿ ಕುದುರೆ ಓಟ. ಅಮ್ಮ ಅದನ್ನು ಅಕ್ಕಪಕ್ಕದವರನ್ನು ಕರೆದು ಓದಿಸುತ್ತಿದ್ದಳಂತೆ. ಮೇ ತಿಂಗಳಲ್ಲಿ ಹಳೆಯ ಕೋಟೆಯ ಮ್ಯೂಸಿಯಂ ಬಂತು. ಮುತ್ತು ತೂಗುವ ತಕ್ಕಡಿ, ಹಡಗಿನ ಮಾದರಿ, ಎಲ್ಲವನ್ನೂ ರಂಗುರಂಗಾಗಿ ಬರೆದೆ. ಅಪ್ಪ ಉತ್ತರದಲ್ಲಿ ಒಂದೇ ಪ್ರಶ್ನೆ ಕೇಳಿದರು: "ಕೋಟೆಯ ಒಳಗೆ ಸೆಕೆಯೋ, ತಂಪೋ?"

ಚಿತ್ರದಲ್ಲಿ ಸೆಕೆ ಕಾಣುವುದಿಲ್ಲವಲ್ಲ. ನಾನು ಆ ಪ್ರಶ್ನೆಗೆ ಉತ್ತರ ಬರೆಯಲಿಲ್ಲ, ಅಪ್ಪ ಮತ್ತೆ ಕೇಳಲೂ ಇಲ್ಲ. ಅವರಿಗೆ ಗೊತ್ತಾಗಿತ್ತೆಂದೇ ಈಗ ಅನ್ನಿಸುತ್ತದೆ. ಆ ಎರಡು ವರ್ಷ ನಾನು ಎಷ್ಟು ಶುಕ್ರವಾರ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. ಚೆನ್ನಾಗಿದ್ದವನು ಕ್ಯಾಲೆಂಡರ್ ನೋಡಿ ಕಾಗದ ಬರೆಯುವುದಿಲ್ಲ.

ಶಶಿಕಲಾಳಿಗೆ ಎಲ್ಲ ಹೇಳಿದೆ. ಆಕೆ ದೋಸೆಕಲ್ಲು ಉಜ್ಜುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ರಮ್ಲತ್‌ಗೆ ಹೇಳ್ಬೇಕಾ ಬೇಡ್ವಾ?" ಎಂದೆ.

"ಹೇಳಿದ್ರೆ ಹೆದರ್ತಾಳೆ. ಹೇಳದಿದ್ರೆ ನಾವೂ ಸೇರಿ ಮೋಸ ಮಾಡಿದ ಹಾಗೆ. ಈ ತಿಂಗಳೊಳಗೆ ಅವಳು ಕೆಲಸ ಬಿಡ್ಲಿಕ್ಕುಂಟು. ನೀವು ಮೊದ್ಲು ಅವರ ಹತ್ರ ಕೇಳಿ."

ಏನೆಂದು ಕೇಳುವುದು? ನೀನು ಸುಳ್ಳ ಎನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಒಂದೇ ಸಾಲಿನ ಮೆಸೇಜ್ ಕಳಿಸಿದೆ. "ಇಸ್ಮಾಯಿಲ್, ಮ್ಯೂಸಿಯಂ ಒಳಗೆ ಚಳಿಯಾ, ಬೆಚ್ಚಗಾ?"

ಕೇಳಿದ ಗುರುತು ಬಂತು, ಉತ್ತರ ಬರಲಿಲ್ಲ. ಮೂರನೆಯ ದಿನ ನಾನು ಆಫೀಸಿನಲ್ಲಿ ನಕ್ಷೆಗಳಿಗೆ ಮುದ್ರೆ ಒತ್ತುತ್ತಿರುವಾಗ ಫೋನು ಗುಂಯ್‌ಗುಟ್ಟಿತು. ಹೊರಗೆ ಬಂದು ಪಾರ್ಕಿಂಗಿನಲ್ಲಿ ಕಿವಿಗೆ ಹಿಡಿದೆ.

"ಗೊತ್ತಾಯ್ತಲ್ಲ ನಿನಗೆ" ಎಂದ. ಸ್ವರ ಬಿದ್ದುಹೋಗಿತ್ತು. "ಎಂತ ಮಾಡುದು ಮಾರಾಯ. ರಜೆ ದಿನ ಎದ್ದು ಸ್ನಾನ ಮಾಡಿ, ಕೋಟು ಹಾಕಿ, ಶೂಸ್ ಹಾಕಿ, ಬಾಗಿಲವರೆಗೆ ಬರ್ತೇನೆ. ಆಮೇಲೆ ಎಲ್ಲಿಗೆ ಹೋಗುದು, ಯಾಕೆ ಹೋಗುದು ಅಂತ ಆಗ್ತದೆ. ಮ್ಯೂಸಿಯಂಗೆ ನಿಜವಾಗಿ ಹೋಗಿದ್ದೆ. ಬಾಗಿಲು ಹಾಕಿತ್ತು. ಹಾಕಿದ್ದು ನೋಡಿ ನನಗೆ ಸಮಾಧಾನ ಆಯ್ತು, ಗೊತ್ತುಂಟಾ? ಒಬ್ಬನೇ ಒಳಗೆ ಹೋಗಿ ಎಂತ ನೋಡುದು? ಅಬುಧಾಬಿಯಲ್ಲಿ ಹದಿನೆಂಟು ವರ್ಷ ಇದ್ದೆ. ಯಾವತ್ತಾದ್ರೂ ಒಬ್ಬನೇ ಎಂತದಾದ್ರೂ ನೋಡಿದ್ದುಂಟಾ ನಾನು? ಯಾರಾದ್ರೂ ಬಂದ್ರೆ ತೋರಿಸ್ತಿದ್ದೆ. ಇಲ್ಲಿಗೆ ಯಾರೂ ಬರುದಿಲ್ಲ ಸದಾನಂದ."

ಅವನ ರೋಗ ಏನೆಂದು ನನಗೆ ಗೊತ್ತಿತ್ತು, ನನಗೂ ಅದೇ ರೋಗ. ನೆಂಟರಿಲ್ಲದೆ ನಮ್ಮ ಕಾಲು ಏಳುವುದಿಲ್ಲ. ಹಾಗಾದರೆ ಅವನಿಗೆ ಬೇಕಾದದ್ದು ಒಬ್ಬ ನೆಂಟ. ನಾನು ಆದಷ್ಟು ಗಟ್ಟಿ ಸ್ವರ ಮಾಡಿ ಮೆಸೇಜ್ ಕಳಿಸಿದೆ.

"ಇಸ್ಮಾಯಿಲ್, ಬರುವ ಗುರುವಾರ ನಿನ್ನ ಮನೆಗೆ ಅಬುಧಾಬಿಯಿಂದ ಒಬ್ಬ ವಿಸಿಟರ್ ಬರ್ತಾನೆ. ಕಟಪಾಡಿಯ ಸದಾನಂದ. ಅವನಿಗೆ ಊರು ತೋರಿಸ್ಲಿಕ್ಕುಂಟು. ಫೋನ್ ಕೈಯಲ್ಲಿ ಹಿಡ್ಕೊ, ನೋಡಿದ ಹಾಗೇ ಹೇಳ್ತಾ ಹೋಗು. ಹದಿನಾಲ್ಕನೇ ಪುಟದ ಅಡಿಯಲ್ಲಿ ಮ್ಯೂಸಿಯಂ ನಂಬರ್ ಉಂಟು, ಮೊದ್ಲೇ ಫೋನ್ ಮಾಡಿ ಹೇಳು. ನೆಂಟ ಬಾಗಿಲಲ್ಲಿ ಕಾಯುವ ಹಾಗೆ ಆಗ್ಬಾರ್ದು. ಯಲ್ಲಾ, ಹೊರಡು!"

"ನಿನಗೆ ಹುಚ್ಚು" ಎಂದು ಉತ್ತರ ಬಂತು. ನಾನು ಬಿಡಲಿಲ್ಲ. ದಿನಕ್ಕೆ ಎರಡು ಸಲ ನೆಂಟನ ಹಾಗೆ ಪೀಡಿಸಿದೆ. ಸ್ವೆಟರ್ ಎಷ್ಟು ತರಬೇಕು, ನಿಮ್ಮಲ್ಲಿ ಬಸಳೆ ಸಿಗುತ್ತದೋ, ಹಿಂದಿನ ಸೀಟಿನಲ್ಲಿ ಕೂತರೆ ನನಗೆ ವಾಂತಿಯಾಗುತ್ತದೆ, ಹೀಗೆ. ಕೊನೆಗೆ ಬುಧವಾರ ಅವನು "ಆಯ್ತು ಮಾರಾಯ, ಫೋನ್ ಮಾಡಿದ್ದೇನೆ. ಇನ್ನು ತಲೆ ತಿನ್ಬೇಡ" ಎಂದ.

ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಹನ್ನೊಂದು ಮೆಸೇಜು. ಹಾಸಿಗೆಯಲ್ಲೇ ಕೂತು ಎಲ್ಲವನ್ನೂ ಕೇಳಿದೆ. ಹತ್ತನೆಯದರವರೆಗೆ ನಕ್ಕೆ. ಹನ್ನೊಂದನೆಯದನ್ನು ಕೇಳಿದ ಮೇಲೆ ಫೋನು ಹಿಡಿದುಕೊಂಡು ಹಾಗೇ ಕೂತೆ. ಅದು ನನಗೆ ಕಳಿಸಿದ್ದಲ್ಲ, ರಮ್ಲತ್‌ಗೆ. ಅದನ್ನು ಅವಳ ಮುಂದೆ ಹಾಕಿದರೆ ಅವರ ಕೆನಡಾ ಅಲ್ಲಿಗೇ ಮುಗಿಯಬಹುದು. ಹಾಕದಿದ್ದರೆ ಅವಳು ಸುಳ್ಳನ್ನು ನಂಬಿ ಕೆಲಸ ಬಿಡುತ್ತಾಳೆ.

"ಹತ್ತು ಮಾತ್ರ ಹಾಕಿ ನಿಲ್ಲಿಸ್ಲಾ?" ಎಂದು ಶಶಿಕಲಾಳನ್ನು ಕೇಳಿದೆ.

"ಎಲ್ಲಾ ಹಾಕಿ" ಎಂದಳು.

ಮಧ್ಯಾಹ್ನ ಎಂದಿನಂತೆ ಐದು ಜನ ಕೂತೆವು. ಪಾತ್ರೆಯೊಳಗಿಂದ ಮೊದಲು ಬಂದದ್ದು ಗಾಳಿಯ ಸದ್ದು.

"ಸದಾನಂದ, ನೋಡು, ಇದು ಮ್ಯೂಸಿಯಂ. ಎದುರಿಂದ ನಮ್ಮ ಪಂಚಾಯತ್ ಆಫೀಸಿನಷ್ಟೂ ಇಲ್ಲ. ಶೂಸೊಳಗೆ ಹಿಮ ಹೋಗಿ ನನ್ನ ಕಾಲು ಉಂಟಾ ಇಲ್ವಾ ಗೊತ್ತಾಗುದಿಲ್ಲ. ಒಬ್ರು ಅಜ್ಜಿ ಬೀಗದಕೈ ಗೊಂಚಲು ಹಿಡ್ಕೊಂಡು ಬಂದಿದ್ದಾರೆ. ನಮಗೆ ಬೇಕಾಗಿಯೇ ಬಾಗಿಲು ತೆಗೀತಾರೆ. ಎಷ್ಟು ಜನ ಅಂತ ಕೇಳಿದ್ರು. ಇಬ್ರು, ಒಬ್ಬ ಫೋನಲ್ಲಿದ್ದಾನೆ ಅಂದೆ."

ಎರಡನೆಯದರಲ್ಲಿ ಒಬ್ಬ ಮುದುಕಿಯ ಸ್ವರ "ಹಲೋ, ಅಬುಧಾಬಿ!" ಎಂದು ಕೂಗಿತು. ಶಿಫಾ ಕಿರುಚಿ ಚಪ್ಪಾಳೆ ತಟ್ಟಿದಳು. ಆಮೇಲೆ ಇಸ್ಮಾಯಿಲ್ ಶುರುವಾದ. ಮೂರು ಅಂತಸ್ತು ಎಂದು ಬರೆದಿದ್ದಾರಲ್ಲ, ಮೂರನೆಯದು ಬರೀ ಅಟ್ಟ, ಏಣಿ ಹತ್ತಿ ಹೋಗಬೇಕು. ಅಲ್ಲಿಯ ಹುಲ್ಲು ತುಂಬಿಸಿದ ಕರಡಿಗೆ ಒಂದು ಕಿವಿಯಿಲ್ಲ, ಅದನ್ನು ಹುಳ ತಿಂದಿದೆ. ಮರ ಕೊಯ್ಯುವ ಗರಗಸ ಪರವಾಗಿಲ್ಲ, ಆದರೆ ಅದರ ಹಿಡಿ ಸರಿಯಾಗಿ ಕೂತಿಲ್ಲ, ನಮ್ಮ ಗೋದಾಮಿಗೆ ಇಂಥ ಮಾಲು ಬಂದಿದ್ದರೆ ನಾನು ಹಿಂದಕ್ಕೆ ಕಳಿಸುತ್ತಿದ್ದೆ. ಶಾಲಾಕೊಠಡಿಯಲ್ಲಿ ಅಜ್ಜಿ ಅವನನ್ನು ಪುಟ್ಟ ಬೆಂಚಿನಲ್ಲಿ ಕೂರಿಸಿ ಗಂಟೆ ಬಾರಿಸಿದರಂತೆ. ಏಳಲು ಹೋದರೆ ಬೆಂಚು ಅವನ ಜೊತೆಯೇ ಎದ್ದಿತು. ಕೊನೆಗೆ ಚಹಾ. "ಚಹಾ ಅಂತ ಹೆಸರು ಮಾತ್ರ ಸದಾನಂದ, ಹಾಲು ಮಾಫಿ, ಇಲ್ವೇ ಇಲ್ಲ, ಬಿಸಿನೀರಲ್ಲಿ ಒಂದು ಚೀಲ ಅದ್ದಿ ಕೊಟ್ಟ್ರು. ಆದ್ರೆ ಅಜ್ಜಿ ಒಳ್ಳೆಯವ್ರು. ಎರಡು ಗಂಟೆ ಮಾತಾಡಿದ್ರು. ಮಾತು ನಿಲ್ಲಿಸುದೇ ಇಲ್ಲ."

ನಾವೆಲ್ಲ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಪ್ರಣತಿಯೂ ತನ್ನ ಫೋನು ಕೆಳಗಿಟ್ಟು ಕೇಳುತ್ತಿದ್ದಳು. ರಮ್ಲತ್ ಮಾತ್ರ ನಗಲಿಲ್ಲ, ಪಾತ್ರೆಯ ಕಡೆ ಸ್ವಲ್ಪ ಬಗ್ಗಿ ಕೂತಿದ್ದಳು.

ಹನ್ನೊಂದನೆಯದು ಬಂತು. ಮತ್ತೆ ಗಾಳಿ, ಹಿಮದ ಮೇಲೆ ಕಾಲಿನ ಸದ್ದು. ಇಲ್ಲಿ ಅವನು ಕನ್ನಡ ಬಿಟ್ಟು ತನ್ನ ಮನೆಮಾತಾದ ಬ್ಯಾರಿ ಭಾಷೆಗೆ ಇಳಿದಿದ್ದ. ನನಗೆ ಅದು ಅರ್ಧ ತಿಳಿಯುತ್ತದೆ, ತಿಳಿದಷ್ಟನ್ನು ಹೇಳುತ್ತೇನೆ. ರಮ್ಲತ್, ನೀನು ಕೇಳುತ್ತಿದ್ದೀ ಎಂದು ಗೊತ್ತು. ಇದುವರೆಗೆ ಹೇಳಿದ್ದೆಲ್ಲ ಪುಸ್ತಕದ್ದು. ನಾನು ನದಿ ನೋಡಲಿಲ್ಲ, ಬಂಡಿ ನೋಡಲಿಲ್ಲ, ಜಾರಲೂ ಇಲ್ಲ. ಇಲ್ಲಿ ನನಗೆ ತುಂಬ ಬೇಜಾರು. ಊರು ಕೆಟ್ಟದಲ್ಲ, ಒಬ್ಬನೇ ಇದ್ದು ಹೀಗಾಗಿದೆ. ನೀನು ಬರಲೇಬೇಕೆಂದಿಲ್ಲ. ನಿನಗೆ ಬೇಡವೆಂದರೆ ಮಾರ್ಚಿನಲ್ಲಿ ನಾನೇ ಬರುತ್ತೇನೆ.

ಮೆಸೇಜ್ ಮುಗಿಯಿತು. ನನಗೆ ರಮ್ಲತ್‌ಳ ಮುಖ ನೋಡುವ ಧೈರ್ಯವಾಗದೆ ಕಾರ್ಪೆಟ್ಟಿನ ಹೂವು ನೋಡುತ್ತಾ ಕೂತೆ. ಗೆಳೆಯನ ಸಂಸಾರದ ನಡುವೆ ನಾನೊಂದು ಪಟ್ಟಿ ಹಿಡಿದುಕೊಂಡು ಯಾಕೆ ಹೋದೆನೋ ಎಂದು ನನಗೆ ನಾನೇ ಬೈದುಕೊಂಡೆ.

ರಮ್ಲತ್ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಕ್ಕಳು.

"ಅಣ್ಣಾ, ಮದುವೆಯಾಗಿ ಹನ್ನೆರಡು ವರ್ಷ ಆಯ್ತು. ಒಂದು ಜಾಗಕ್ಕೆ ಹೋಗಿ ಗೊಣಗದೆ ಬಂದವ್ರಲ್ಲ ಇವ್ರು. ಮೂರು ತಿಂಗಳಿಂದ ಪ್ರತಿ ವಾರ ಚಂದ ಉಂಟು, ಖುಷಿ ಉಂಟು. ಒಂದು ದೂರು ಇಲ್ಲ. ನನಗೆ ಹೆದರಿಕೆ ಆದದ್ದೇ ಅದಕ್ಕೆ. ಇವರಿಗೆ ಎಂತ ಆಗಿದೆ ಅಂತ ರಾತ್ರಿ ನಿದ್ದೆ ಇಲ್ಲ ನನಗೆ."

"ಹಾಗಾದ್ರೆ ನಿನಗೆ ಗೊತ್ತಿತ್ತಾ?" ಎಂದಳು ಶಶಿಕಲಾ.

"ಕರಡಿಗೆ ಕಿವಿ ಇಲ್ಲ ಅಂದ್ರಲ್ಲ ಶಶಿಯಕ್ಕ, ಆಗ ಜೀವ ಬಂತು ನನಗೆ. ಇವತ್ತು ಇವ್ರು ನಿಜ ಹೇಳಿದ್ರು. ಇನ್ನು ಹೋಗ್ಬಹುದು."

ಮರುದಿನ ಸಂಜೆ ಆಕೆ ಶಾಲೆಯ ರಾಜೀನಾಮೆ ಫಾರ್ಮನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಫಾರ್ಮುಗಳೆಂದರೆ ನನ್ನ ಇಲಾಖೆ ತಾನೇ, ಒಮ್ಮೆ ನೋಡಿಕೊಡಿ ಎಂದಳು. ಹೆಸರು, ವಿಭಾಗ, ಕೊನೆಯ ದಿನ, ಎಲ್ಲ ಸರಿಯಿತ್ತು. ಕೆಲಸ ಬಿಡುವ ಕಾರಣ ಎಂಬ ಸಾಲು ಖಾಲಿಯಿತ್ತು. ಅಲ್ಲಿ ವೈಯಕ್ತಿಕ ಕಾರಣ ಎಂದು ಬರೆದರೆ ಸಾಕು, ಎಲ್ಲರೂ ಹಾಗೆಯೇ ಬರೆಯುವುದು ಎಂದೆ. ಆಕೆ ನನ್ನ ಪೆನ್ನು ತೆಗೆದುಕೊಂಡಳು. ಆಮೇಲೆ ಮಕ್ಕಳ ಪುಸ್ತಕ ತಿದ್ದುವ ತನ್ನ ದುಂಡು ಅಕ್ಷರದಲ್ಲಿ, ಪ್ರಿನ್ಸಿಪಾಲರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆದಳು: ನನ್ನ ಗಂಡನಿಗೆ ಒಬ್ಬನೇ ಇದ್ದು ಬೇಜಾರಾಗಿದೆ.